ಕುಡಿದವನ ಗಾಡಿ ಕೀ ಕಿತ್ಕೋತೀವಿ, ಪಿಸ್ತೂಲು ಯಾಕೆ ಬಿಡ್ತೀವಿ?

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಇಲ್ಲಿ ನವೆಂಬರ್ 15 ಬಂತೆಂದರೆ ಹಬ್ಬ. ಅವತ್ತು ಬಂದೂಕು ಹಿಡಿದು ಜಿಂಕೆ ಬೇಟೆಯಾಡುವ ಸೀಸನ್ ಶುರು. ಆಫೀಸಿನ ಎಷ್ಟೋ ಜನ ರಜೆ ಹಾಕಿ ಉತ್ತರದ ಕಾಡಿಗೆ ಹೊರಡುತ್ತಾರೆ. ಬಿಯರ್ ಡಬ್ಬಿಗಳೂ ಜೊತೆಗೇ ಹೋಗುತ್ತವೆ. "ಬಂದೂಕಿನ ವಿಷಯದಲ್ಲಿ ಅಮೆರಿಕದವರ ಹತ್ರ ಕಲಿಯೋದೇನಿದೆ?" ಅಂತ ಬೆಂಗಳೂರಿನ ನೆಂಟರು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. 2021ರ ನವೆಂಬರ್‌ನಲ್ಲಿ ಇದೇ ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ಕು ಮಕ್ಕಳು ಗುಂಡಿಗೆ ಬಲಿಯಾದರು. ಬಂದೂಕು ಇಟ್ಟುಕೊಳ್ಳುವ ಹಕ್ಕು ಇಲ್ಲಿ ಎಲ್ಲೆ ಮೀರಿದೆ ಅಂತಲೇ ನನ್ನ ನಂಬಿಕೆ. ಆದರೂ ಒಂದು ವಿಷಯದಲ್ಲಿ ಇಲ್ಲಿನ ಕಾನೂನು ನಮ್ಮದಕ್ಕಿಂತ ನೆಟ್ಟಗಿದೆ. ಕುಡಿದವನ ಕೈಯಲ್ಲಿ ಬಂದೂಕು ಇರಬಾರದು ಅನ್ನುವ ವಿಷಯ ಅದು.

ಇದು ನನ್ನ ತಲೆಗೆ ಹತ್ತಿದ್ದು ಬೆಂಗಳೂರಿನಲ್ಲೇ. ಕಳೆದ ಸಲ ಊರಿಗೆ ಬಂದಾಗ ನೆಂಟರ ಹುಡುಗನ ಮದುವೆ ಇತ್ತು. ಹಿಂದಿನ ರಾತ್ರಿ ಕನಕಪುರ ರಸ್ತೆಯ ಒಂದು ತೋಟದ ಮನೆಯಲ್ಲಿ ಪಾರ್ಟಿ. ಅಲ್ಲಿಗೆ ಬಂದಿದ್ದ ಒಬ್ಬರು, ಕೂತರೆ ಚುಚ್ಚುತ್ತೆ ಅಂತ ಸೊಂಟದ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟರು. ಈ ಕಡೆ ಕಬಾಬ್ ತಟ್ಟೆ, ಆ ಕಡೆ ಸೋಡಾ ಬಾಟಲಿ, ನಡುವೆ ಅದು. ಯಾರೋ ನಿಂಬೆ ಹಿಂಡುವಾಗ ಅದರ ಹಿಡಿಯ ಮೇಲೆ ರಸ ಬಿತ್ತು. ಅವರು ಟಿಶ್ಯೂ ಪೇಪರಿನಿಂದ ಒರೆಸಿ, ಪಕ್ಕದಲ್ಲಿದ್ದ ಹುಡುಗನ ಕೈಗೆ ಕೊಟ್ಟರು. ಅವನು ತಿರುಗಿಸಿ ತಿರುಗಿಸಿ ನೋಡಿದ. ಅದರ ಮೂತಿ ಒಮ್ಮೆ ಅಡುಗೆಯವರ ಕಡೆ, ಒಮ್ಮೆ ನನ್ನ ಕಡೆ ತಿರುಗಿತು.

ಹೊರಡುವ ಹೊತ್ತಿಗೆ ಎಲ್ಲರಿಗೂ ಆ ಮನುಷ್ಯನ ಮೇಲೆ ತುಂಬಾ ಕಾಳಜಿ. "ಅಣ್ಣಾ, ಗಾಡಿ ಮುಟ್ಬೇಡಿ, ಚೆಕಿಂಗ್ ಇರತ್ತೆ" ಅಂದರು. ಕೀ ಕಿತ್ತುಕೊಂಡರು. ಫೋನ್ ಮಾಡಿ ಡ್ರೈವರ್ ಕರೆಸಿದರು. ಪಿಸ್ತೂಲು ಮಾತ್ರ ಸುಮ್ನೆ ವಾಪಸ್ ಸೊಂಟಕ್ಕೆ ಸೇರಿತು. ಅದರ ಬಗ್ಗೆ ಯಾರ ಬಾಯಿಂದಲೂ ಒಂದು ಮಾತು ಬರಲಿಲ್ಲ.

ಕಾರಿನ ವಿಷಯದಲ್ಲಿ ನಮ್ಮ ಜನ ಇಷ್ಟು ಹುಷಾರಾಗಿದ್ದು ತಾನಾಗಿಯೇ ಅಲ್ಲ. ಒಂದು ಅಂಕಿ ಇದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಊದಿಸಿ ನೋಡುವ ಮೆಷಿನ್ ಇದೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವೀಕೆಂಡ್ ರಾತ್ರಿ ಬ್ಯಾರಿಕೇಡ್ ಹಾಕಿ ನಿಲ್ಲುವ ಪೊಲೀಸರಿದ್ದಾರೆ. ಅಂಕಿ, ಮೆಷಿನ್, ದಂಡ, ಪೊಲೀಸ್ ನಾಲ್ಕೂ ಒಟ್ಟಿಗೆ ಸೇರಿದ್ದಕ್ಕೇ ಇವತ್ತು ಗೆಳೆಯರೇ ಕೀ ಕಿತ್ತುಕೊಳ್ಳುತ್ತಾರೆ.

ಬಂದೂಕಿಗೆ ಇದರಲ್ಲಿ ಯಾವುದೂ ಇಲ್ಲ.

ಕಾನೂನೇ ಇಲ್ಲ ಅಂತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಒಂದು ಒಳ್ಳೆಯ ತಿದ್ದುಪಡಿ ಬಂತು. ಮದುವೆ, ಸಮಾರಂಭ, ದೇವಸ್ಥಾನ, ಜನ ಸೇರಿದ ಕಡೆ ಖುಷಿಗೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದು ಬೇಕೇ ಬೇಕಿತ್ತು. ಉತ್ತರದ ಕಡೆ ಮದುವೆ ಮೆರವಣಿಗೆಗಳಲ್ಲಿ ಇಂಥ ಗುಂಡಿಗೆ ಸತ್ತವರು ಒಬ್ಬಿಬ್ಬರಲ್ಲ. ಇನ್ನು 2016ರ ನಿಯಮಗಳ ಪ್ರಕಾರ, ಲೈಸೆನ್ಸ್‌ಗೆ ಅರ್ಜಿ ಹಾಕುವವರು ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು. ಮದ್ಯ ಅಥವಾ ಡ್ರಗ್ಸ್ ಚಟ ಇಲ್ಲ ಅಂತ ಅದರಲ್ಲಿ ಬರೆದಿರಬೇಕು. ಆದರೆ ಚಟ ಇಲ್ಲ ಅನ್ನುವುದು ಬೇರೆ, ಇವತ್ತು ರಾತ್ರಿ ಕುಡಿದಿಲ್ಲ ಅನ್ನುವುದು ಬೇರೆ ಅಲ್ವಾ? ಲೈಸೆನ್ಸ್ ಅವಧಿ 5 ವರ್ಷ. ಅದರ ನಡುವಿನ ಯಾವ ಶನಿವಾರ ರಾತ್ರಿಯ ಬಗ್ಗೆಯೂ ಆ ಕಾಗದ ಏನೂ ಹೇಳುವುದಿಲ್ಲ.

ಅಂದರೆ ನಮ್ಮ ಕಾನೂನು ಬಂದೂಕು ಕೊಡುವ ಮೊದಲು ಒಮ್ಮೆ ಕೇಳುತ್ತದೆ, ಗುಂಡು ಹಾರಿದ ಮೇಲೆ ಇನ್ನೊಮ್ಮೆ ಎದ್ದು ಬರುತ್ತದೆ. ನಡುವೆ ಮೇಜಿನ ಮೇಲೆ ಪಿಸ್ತೂಲು, ಕೈಯಲ್ಲಿ ಗ್ಲಾಸು ಇರುವ ಹೊತ್ತಿನಲ್ಲಿ ಸುಮ್ಮನಿರುತ್ತದೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 24 ಗಂಟೆಯವರೆಗೆ ಜೈಲು ಇಲ್ಲವೇ 1,000 ರೂಪಾಯಿವರೆಗೆ ದಂಡ ಇದೆ. ಸೊಂಟದಲ್ಲಿ ಪಿಸ್ತೂಲು ಇದ್ದರೂ ಆ ಶಿಕ್ಷೆ ಜಾಸ್ತಿಯಾಗುವುದಿಲ್ಲ. 1999ರಲ್ಲಿ ದೆಹಲಿಯ ಪಾರ್ಟಿಯೊಂದರಲ್ಲಿ ಡ್ರಿಂಕ್ಸ್ ಕೊಡಲಿಲ್ಲ ಅನ್ನುವ ಕಾರಣಕ್ಕೆ ಜೆಸ್ಸಿಕಾ ಲಾಲ್ ಅವರನ್ನು ಗುಂಡಿಟ್ಟು ಕೊಂದಿದ್ದು ಇಡೀ ದೇಶಕ್ಕೆ ಗೊತ್ತು. ಆ ಕೇಸಿನಲ್ಲಿ ಎಲ್ಲರೂ ತನಿಖೆ, ಸಾಕ್ಷಿ, ತೀರ್ಪಿನ ಬಗ್ಗೆ ಮಾತಾಡಿದರು. ಕುಡಿಯುವ ಜಾಗಕ್ಕೆ ಪಿಸ್ತೂಲು ಹೇಗೆ ಬಂತು ಅನ್ನುವ ಪ್ರಶ್ನೆ ಹಿಂದೆ ಉಳಿದುಬಿಟ್ಟಿತು.

ಈಗ ಮಿಶಿಗನ್‌ಗೆ ಬರೋಣ. ಇಲ್ಲಿ ರಕ್ತದ ಆಲ್ಕೋಹಾಲ್ 0.08 ಶೇಕಡಾ ಮುಟ್ಟಿದ್ದರೆ, ಅಂದರೆ ನಮ್ಮ ಲೆಕ್ಕದಲ್ಲಿ 80 ಮಿಲಿಗ್ರಾಂ, ಬಂದೂಕು ಹಾರಿಸುವುದಷ್ಟೇ ಅಲ್ಲ, ಜೊತೆಯಲ್ಲಿ ಹಿಡಿದು ಓಡಾಡುವುದೂ ಅಪರಾಧ. 93 ದಿನದವರೆಗೆ ಜೈಲು. ಹಾಗೆ ಹಾರಿಸಿದ ಗುಂಡಿಗೆ ಯಾರಾದರೂ ಸತ್ತರೆ 15 ವರ್ಷದವರೆಗೆ. ಡ್ರಗ್ಸ್ ಮತ್ತಿನಲ್ಲಿದ್ದರೂ ಇದೇ ಕಾನೂನು. ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಲೈಸೆನ್ಸ್ ಇರುವವರಿಗೆ ಮಿತಿ ಇನ್ನೂ ಬಿಗಿ, 0.02 ಮಾತ್ರ. ಒಂದು ಬಿಯರ್ ಕುಡಿದರೂ ಅದು ದಾಟಬಹುದು. ಬಾರ್‌ಗಳ ಒಳಗೆ ಅವರು ಅದನ್ನು ಒಯ್ಯುವಂತೆಯೇ ಇಲ್ಲ. 0.10 ಮುಟ್ಟಿದರೆ ಲೈಸೆನ್ಸ್ ಶಾಶ್ವತವಾಗಿ ಹೋಗುತ್ತದೆ.

ಇದನ್ನು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಕುಡಿದು ಕಾರು ಓಡಿಸುವುದಕ್ಕೆ ಮಿಶಿಗನ್ ಮಿತಿ 80, ನಮ್ಮದು 30. ಕಾರಿನಲ್ಲಿ ನಾವೇ ಜಾಸ್ತಿ ಕಟ್ಟುನಿಟ್ಟು. ಆದರೆ ಸೊಂಟದ ಪಿಸ್ತೂಲಿಗೆ ಅವರು 20 ಅಂತ ಬರೆದಿಟ್ಟಿದ್ದಾರೆ, ನಾವು ಏನೂ ಬರೆದಿಲ್ಲ. ಬಂದೂಕನ್ನು ಹಕ್ಕು ಅನ್ನುವ ದೇಶ ಗೆರೆ ಎಳೆದಿದೆ. ಅದನ್ನು ಸರ್ಕಾರ ನಂಬಿ ಕೊಡುವ ಅನುಮತಿ ಅನ್ನುವ ದೇಶ ಇನ್ನೂ ಎಳೆದಿಲ್ಲ.

"ನನ್ನ ಮನೆ, ನನ್ನ ಬಂದೂಕು" ಅನ್ನುವವರು ಇಲ್ಲೂ ಇದ್ದಾರೆ. ಪಕ್ಕದ ಒಹಾಯೋದಲ್ಲಿ ಒಬ್ಬ ತನ್ನ ಮನೆಯೊಳಗೇ ಕುಡಿದ ಮತ್ತಿನಲ್ಲಿ ಶಾಟ್‌ಗನ್ ಹಿಡಿದಿದ್ದ. ಹೆಂಡತಿ ಪೊಲೀಸರಿಗೆ ಫೋನ್ ಮಾಡಿದರು. ಬಂದೂಕಿನಲ್ಲಿ ಗುಂಡೇ ಇರಲಿಲ್ಲ. ಆದರೂ ಶಿಕ್ಷೆಯಾಯಿತು. 2020ರಲ್ಲಿ ಒಹಾಯೋ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಹುಮತ ಬರೀ ಒಂದು ಮತದ್ದು, ವಾದ ಮುಗಿದಿಲ್ಲ. ನನಗೆ ಮಾತ್ರ ಆ ಫೋನ್ ಮಾಡಿದ ಹೆಂಡತಿಯೇ ಕಾಣಿಸುತ್ತಾರೆ. ಮನೆಯೊಳಗೆ ಕುಡಿದವನ ಕೈಲಿರುವ ಬಂದೂಕಿಗೆ ಮೊದಲು ಹೆದರಬೇಕಾದವರು ಮನೆಯವರೇ.

ಅಂಕಿ ಯಾಕೆ ಮುಖ್ಯ ಅಂದರೆ ಕುಡಿದ ಅಮಲು ಕಾಯುವುದಿಲ್ಲ. ರಕ್ತದಲ್ಲಿ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತಾ ಹೋಗುತ್ತದೆ. ರಾತ್ರಿ ಹನ್ನೆರಡಕ್ಕೆ 120 ಇದ್ದವನು ಬೆಳಗ್ಗೆ ಎಂಟಕ್ಕೆ ಸೊನ್ನೆಗೆ ಬಂದಿರುತ್ತಾನೆ. ಗುಂಡಿನ ಸದ್ದು ಕೇಳಿ ಯಾರೋ ಫೋನ್ ಮಾಡಿ, ಪೊಲೀಸರು ಬಂದು, ದೊಡ್ಡವರು ನಡುವೆ ಮಾತಾಡಿ, ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಸಾಕ್ಷಿ ಅವನ ಮೈಯಲ್ಲೇ ಕರಗಿಹೋಗಿರುತ್ತದೆ. ಬಂಧಿಸಿದವರ ರಕ್ತ ಪರೀಕ್ಷೆ ಮಾಡಿಸುವ ಅಧಿಕಾರ ನಮ್ಮ ಪೊಲೀಸರಿಗೂ ಇದೆ. ಆದರೆ ಮೋಟಾರು ವಾಹನ ಕಾಯ್ದೆಯಂತೆ ಅಲ್ಲೇ ನಿಲ್ಲಿಸಿ ಊದಿಸುವ ಅಧಿಕಾರವನ್ನು ಶಸ್ತ್ರಾಸ್ತ್ರ ಕಾಯ್ದೆ ಕೊಟ್ಟಿಲ್ಲ. ಊದಿಸಿದರೂ ಹೋಲಿಸಿ ನೋಡಲು ಅಂಕಿ ಬೇಕಲ್ಲ.

ಕೊಡಗಿನ ಗೆಳೆಯರು ಇಲ್ಲಿ ಬೇಸರ ಮಾಡಿಕೊಳ್ಳಬಾರದು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುವುದು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಆಕಾಶಕ್ಕೆ ಹಾರಿಸುವುದು ಅವರ ಬದುಕಿನ ಭಾಗ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಸರಿ ಅಂದಿತು. ಅದು ಹಾಗೇ ಇರಲಿ. ಕೋವಿಯನ್ನು ದೇವರಂತೆ ನೋಡುವವರಿಗೆ ಕುಡಿದು ಮುಟ್ಟಬೇಡ ಅನ್ನುವ ಮಾತು ಹೊರಗಿನದು ಅನ್ನಿಸಲಾರದು.

ಶಸ್ತ್ರಾಸ್ತ್ರ ಕೇಂದ್ರದ ಪಟ್ಟಿಯಲ್ಲಿರುವ ವಿಷಯ. ಹಾಗಾಗಿ ಅಂಕಿಯನ್ನು ಕಾಯ್ದೆಗೆ ಸೇರಿಸಬೇಕಾದದ್ದು ಸಂಸತ್ತು. ಆದರೆ ಬೆಂಗಳೂರು ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಗರದಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರವೇ ಗೊತ್ತುಮಾಡಿದ ಷರತ್ತುಗಳನ್ನು ಬಿಟ್ಟು ಉಳಿದ ಷರತ್ತುಗಳನ್ನು ಲೈಸೆನ್ಸ್ ಕೊಟ್ಟವರು ಬದಲಿಸಬಹುದು. ಕುಡಿದಾಗ ಅಥವಾ ಡ್ರಗ್ಸ್ ತೆಗೆದುಕೊಂಡಾಗ ಬಂದೂಕು ಮುಟ್ಟಬಾರದು, ಮದ್ಯ ಹಂಚುವ ಜಾಗಕ್ಕೆ ತರಬಾರದು ಅಂತ ಒಂದು ಸಾಲು ಸೇರಿಸಿದರೆ ಸಾಕು. ಷರತ್ತು ಮುರಿದರೆ 30ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಇಲ್ಲವೇ 2,000 ರೂಪಾಯಿವರೆಗೆ ದಂಡ ಇದೆ. ದಂಡ ಸಣ್ಣದು. ಆದರೆ ಲೈಸೆನ್ಸ್ ರದ್ದು ಮಾಡುವ ಅಧಿಕಾರವೂ ಅದರ ಜೊತೆಗಿದೆ, ಬಂದೂಕು ಇಟ್ಟುಕೊಂಡವರು ಹೆದರುವುದು ಅದಕ್ಕೇ. ಚುನಾವಣೆ ಬಂದಾಗ ಲೈಸೆನ್ಸ್ ಇರುವವರಿಂದ ಬಂದೂಕು ಸ್ಟೇಷನ್‌ಗೆ ಜಮಾ ಮಾಡಿಸಿಕೊಳ್ಳುತ್ತಾರೆ. ಯಾರ ಹತ್ತಿರ ಏನಿದೆ ಅನ್ನುವ ಪಟ್ಟಿ ಪೊಲೀಸರ ಕೈಲೇ ಇದೆ.

ಇನ್ನೊಂದು ಕಡೆಯಿಂದಲೂ ಹಿಡಿಯಬಹುದು. ಒಂದು ದಿನದ ಪಾರ್ಟಿಗೆ ಮದ್ಯ ಹಂಚಬೇಕಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಲೈಸೆನ್ಸ್ ತೆಗೆದುಕೊಳ್ಳಬೇಕು. ಈ ಜಾಗಕ್ಕೆ ಬಂದೂಕು ಬರಬಾರದು, ಬಂದರೆ ಪಾರ್ಟಿ ಕೊಟ್ಟವರು ಪೊಲೀಸರಿಗೆ ತಿಳಿಸಬೇಕು ಅಂತ ಅದೇ ಕಾಗದದಲ್ಲಿ ಬರೆಯಲಿ. ಆಗ ಮೇಜಿನ ಮೇಲೆ ಪಿಸ್ತೂಲು ಇಡಲು ಬಂದವರಿಗೆ, "ಅಣ್ಣಾ, ಲೈಸೆನ್ಸ್ ನನ್ನ ಹೆಸರಲ್ಲಿದೆ, ದಯವಿಟ್ಟು ಬೇಡ" ಅಂತ ಪಾರ್ಟಿ ಕೊಟ್ಟವರು ಮುಲಾಜಿಲ್ಲದೆ ಹೇಳಬಹುದು.