ಬಾರಿಗೆ ಬಾಣದ ಗುರುತು, ಮೀಟಿಂಗ್‌ಗೆ ಏನೂ ಇಲ್ಲ

ಯಾರನ್ನಾದರೂ ಬೈಯಬೇಕು ಅನ್ನಿಸುತ್ತಿದೆ. ಯಾರನ್ನು ಅಂತ ಗೊತ್ತಾಗುತ್ತಿಲ್ಲ, ಅದಕ್ಕೇ ಇಲ್ಲಿಗೆ ಬಂದೆ.

ನನ್ನ ತಮ್ಮನ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೂಡಿಗೆರೆ ಕಡೆ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಫೇಸ್‌ಬುಕ್ಕಿನಲ್ಲಿ ಬರೆಯಲಾ ಅಂತ ಅವನನ್ನೇ ಕೇಳಿದೆ. "ಬರಿ ಅಕ್ಕ. ಕುಡಿದು ಚರಂಡಿ ಪಕ್ಕ ಬಿದ್ದಿದ್ದು ಊರಿಗೆಲ್ಲ ಗೊತ್ತಿತ್ತಲ್ಲ, ಬಿಟ್ಟಿದ್ದು ಯಾಕೆ ಗುಟ್ಟು?" ಅಂದ.

ಬಿಟ್ಟು ಇವತ್ತಿಗೆ 41 ದಿನ. ಮೊದಲ ಸಲ ತಾನಾಗಿಯೇ ಎಎ ಮೀಟಿಂಗ್‌ಗೆ ಹೋಗೋಣ ಅಂದಿದ್ದ. ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿದು ಕೆಟ್ಟವರು ಒಟ್ಟಿಗೆ ಕೂತು, ಇವತ್ತೊಂದು ದಿನ ಕುಡಿಯದೆ ಇರೋದು ಹೇಗೆ ಅಂತ ಮಾತಾಡಿಕೊಳ್ಳುವ ಜಾಗ. ಅದಕ್ಕೆ ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಬಂದ.

ನೆಟ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಯಾರೋ ಸಿಮೆಂಟ್ ಅಂಗಡಿಯವರು ಎತ್ತಿ "ಎಷ್ಟು ಚೀಲ ಬೇಕಿತ್ತು?" ಅಂದರು. ಸರಿ, ವಿಳಾಸ ಹಿಡಿದು ಒಂದು ಶಾಲೆಗೆ ಹೋದೆವು. ಟ್ಯೂಷನ್ ಬಿಡುವ ಹೊತ್ತು. ಗೇಟಿನ ತುಂಬ ಅಪ್ಪ ಅಮ್ಮಂದಿರು. ವಾಚ್‌ಮನ್ ಅಷ್ಟೂ ಜನಕ್ಕೆ ಕೇಳುವ ಹಾಗೆ, "ಕುಡುಕರ ಮೀಟಿಂಗಾ? ಅದು ಇಲ್ಲಿಂದ ಎತ್ತಿ ಎಷ್ಟೋ ತಿಂಗಳಾಯ್ತು!" ಅಂದ. ತಮ್ಮ ಒಂದು ಮಾತೂ ಆಡದೆ ಬಸ್ ಸ್ಟ್ಯಾಂಡ್ ಕಡೆ ತಿರುಗಿದ.

ಬರುವ ದಾರಿಯಲ್ಲಿ ನಾನು ಎಣಿಸಿದ ಬಾರು, ವೈನ್ ಶಾಪ್ ಬೋರ್ಡುಗಳು ಏಳು. ಒಂದಕ್ಕಂತೂ ಬಾಣದ ಗುರುತು, ಸಂದಿಯೊಳಗೆ ಬನ್ನಿ ಅಂತ. ಸುತ್ತ ಮಿಣಮಿಣ ಲೈಟ್ ಬೇರೆ. ಕುಡಿಯಲು ಹೊರಟವನಿಗೆ ದಾರಿ ತಪ್ಪುವ ಚಾನ್ಸೇ ಇಲ್ಲ. ಬಿಡಲು ಹೊರಟವನು ಮಾತ್ರ ಪತ್ತೇದಾರಿಕೆ ಮಾಡಬೇಕು.

"ಅನಾನಿಮಸ್ ಅಂದಮೇಲೆ ಬೋರ್ಡ್ ಹಾಕ್ತಾರೇನೇ?" ಅಂದಳು ಗೆಳತಿ. ಬಹಳ ಜಾಣೆ. ಗುಟ್ಟಾಗಿರಬೇಕಾದ್ದು ಒಳಗೆ ಕೂತವರ ಹೆಸರು ಕಣೇ, ಕೋಣೆಯ ವಿಳಾಸ ಅಲ್ಲ. ಪತ್ರಿಕೆ, ರೇಡಿಯೋ, ಸಿನಿಮಾದಲ್ಲಿ ಸದಸ್ಯರು ತಮ್ಮ ಗುರುತು ಬಿಟ್ಟುಕೊಡಬಾರದು ಅನ್ನೋದು ಅವರ ಪದ್ಧತಿ. ಹೊಸಬರಿಗೆ ಬಾಗಿಲೇ ಕಾಣಬಾರದು ಅಂತ ಅಲ್ಲ.

ಎಎ ಹುಟ್ಟಿದ್ದೇ ಒಂದು ಬೋರ್ಡಿನಿಂದ. 1935ರ ಮೇ, ಅಮೆರಿಕದ ಅಕ್ರಾನ್ ಅನ್ನೋ ಊರು. ಆಮೇಲೆ ಎಎ ಕಟ್ಟಿದ ಇಬ್ಬರಲ್ಲಿ ಒಬ್ಬ, ಬಿಲ್ ಅನ್ನುವವನು, ಬಂದ ವ್ಯವಹಾರ ಕೈಕೊಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳು. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ. ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿ, ನನ್ನ ಹಾಗೆ ಕುಡಿತಕ್ಕೆ ಬಿದ್ದವರು ಯಾರಾದರೂ ಇದ್ದರೆ ಮಾತಾಡಬೇಕು ಅಂದ. ಹಾಗೆ ಸಿಕ್ಕಿದ್ದು ಡಾಕ್ಟರ್ ಬಾಬ್, ಒಬ್ಬ ಸರ್ಜನ್. ಬಾಬ್ ಕೊನೇ ಸಲ ಕುಡಿದ 1935ರ ಜೂನ್ 10ನ್ನೇ ಎಎ ಹುಟ್ಟಿದ ದಿನ ಅಂತಾರೆ. ಆ ಪಟ್ಟಿ ಅಲ್ಲಿ ಇಲ್ಲದಿದ್ದರೆ? ಬಾರಿನ ಬಾಗಿಲು ಹೇಗೂ ತೆರೆದೇ ಇತ್ತು.

ಸಹಾಯವಾಣಿ ಇದೆಯಲ್ಲ ಅಂತೀರಿ. ಇದೆ. ಟೆಲಿ ಮಾನಸ್ 14416, ವ್ಯಸನಕ್ಕೇ ಅಂತ ಇರುವ 14446, ಎರಡೂ ಪುಕ್ಕಟೆ, ಬರೆದಿಟ್ಟುಕೊಳ್ಳಿ. ಡಾಕ್ಟರೂ ಬೇಕು. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇವನಿಗೆ ಒಮ್ಮೆ ಎರಡನೇ ದಿನವೇ ಬಂದಿತ್ತು. ಆದರೆ ಮಾತ್ರೆ ನುಂಗಿ, ಫೋನ್ ಇಟ್ಟ ಮೇಲೆ, ಸಂಜೆ ಆರು ಗಂಟೆಗೆ ಕಾಲು ಎಲ್ಲಿಗೆ ಹೋಗಬೇಕು?

ಇಷ್ಟೆಲ್ಲ ಕೂಗಾಡುವ ನಾನೇನು ಕಡಿಮೆಯವಳಲ್ಲ. ಹೋದ ವರ್ಷ ಅವನು ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿದ್ದಾಗ ನೆಂಟರಿಗೆಲ್ಲ "ಬೆಂಗಳೂರಲ್ಲಿ ಟ್ರೈನಿಂಗ್" ಅಂದವಳು ನಾನೇ. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗೆ ಹೋಗಬೇಡ ಕಣೋ, ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಅಂದವಳೂ ನಾನೇ. ಎರಡು ತಿಂಗಳಿಗೆ ಮತ್ತೆ ಶುರು ಮಾಡಿದ. ವಾಚ್‌ಮನ್ ಜೋರಾಗಿ ಅಂದಿದ್ದನ್ನು ನಾನು ಮೆಲ್ಲಗೆ ಅಂದಿದ್ದೆ, ಅಷ್ಟೇ.

ಇವತ್ತು ಬಚಾವ್ ಮಾಡಿದ್ದು ಆ ವಾಚ್‌ಮನ್ನನ ಗಂಟಲೇ ಅನ್ನಿ. ಗೇಟಿನ ಹತ್ತಿರ ನಿಂತಿದ್ದ ಆಟೋದವರಿಗೂ ಕೇಳಿಸಿತ್ತು. ನಮ್ಮ ಪಕ್ಕಕ್ಕೆ ಬಂದು ಆಟೋ ನಿಧಾನ ಮಾಡಿ, "ಹತ್ತಿ ಅಕ್ಕಾ, ನಾನೂ ಅಲ್ಲಿಗೇ ಹೊರಟಿದ್ದೀನಿ" ಅಂದರು. ಬಾಡಿಗೆ ಕೊಟ್ಟರೆ ಮುಟ್ಟಲಿಲ್ಲ. ಹೆಸರು ಗೊತ್ತು, ಹೇಳಲ್ಲ.

ಇವತ್ತಿನದು ಓಪನ್ ಮೀಟಿಂಗ್, ಮನೆಯವರೂ ಕೂರಬಹುದಿತ್ತು. ಪ್ಲಾಸ್ಟಿಕ್ ಕುರ್ಚಿ, ಸ್ವಲ್ಪ ಸಕ್ಕರೆ ಜಾಸ್ತಿಯಾದ ಟೀ. ಫೀಸ್ ಇಲ್ಲ. ಡಬ್ಬಿ ಬರುತ್ತೆ, ಮನಸ್ಸಿದ್ದ ಸದಸ್ಯರು ಹಾಕುತ್ತಾರೆ. ತಮ್ಮ ಹೆಸರು ಹೇಳಿ, "ಇವತ್ತು ಸುಮ್ನೆ ಕೇಳಿಸ್ಕೋತೀನಿ" ಅಂದ. ಆಯ್ತು ಅಂದರು, ಅಷ್ಟೇ. ನಮ್ಮ ಕಡೆ ಹತ್ತು ಜನ ಸೇರಿ ಒಬ್ಬನಿಗೂ ಬುದ್ಧಿ ಹೇಳದೆ ಇದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕೊನೆ ಬಸ್ ತಪ್ಪಿತು. ತಮ್ಮ ನಮ್ಮನೆ ಹಾಲ್‌ನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಗುಂಪಿನವರನ್ನು ಕೇಳಿ ಹೊಸ ಜಾಗದ ವಿಳಾಸ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಬೆಳಿಗ್ಗೆ ವಾಚ್‌ಮನ್‌ಗೆ ಕೊಟ್ಟು ಬರಬೇಕು. ಯಾರಾದರೂ ಕೇಳಿಕೊಂಡು ಬಂದರೆ ಇದನ್ನು ತೋರಿಸಿದರೆ ಸಾಕಪ್ಪಾ, ಕೂಗಬೇಡ ಅಂತಲೂ ಹೇಳಬೇಕು.