ಶಹಾಪುರದ 3, ಶಹಾಬಾದಿನ 8

ಮೊನ್ನೆ ಕಲಬುರಗಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ನನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ಮುಂದೆ ಜೇವರ್ಗಿ ಕಡೆಯ ಹುಡುಗನೊಬ್ಬ ಕೆಲಸದ ಅರ್ಜಿ ತುಂಬಿಸುತ್ತಿದ್ದ. ಹೆಸರು, ತಂದೆ ಹೆಸರು, ಊರು ಎಲ್ಲ ಆಯಿತು. "ಪಿನ್ ಕೋಡ್ ಹೇಳಪಾ" ಅಂದರು ಟೈಪ್ ಮಾಡುವವರು. ಹುಡುಗ ಮುಖ ನೋಡಿದ. "ಇರ್ಲಿ ಬಿಡು, 585101 ಹಾಕ್ತೀನಿ. ಎಲ್ಲಾರ್ದೂ ಅದೇ ಅದ" ಅಂತ ಹಾಕಿಯೇ ಬಿಟ್ಟರು.

ನನಗೆ ತಡೆಯಲು ಆಗಲಿಲ್ಲ. "ತಮ್ಮಾ, ನಿಮ್ ಪೋಸ್ಟ್ ಯಾವುದಪಾ?" ಅಂತ ಕೇಳಿದೆ. "ಜೇವರ್ಗಿರಿ ಅಕ್ಕಾ" ಅಂದ. "ಹಂಗಾದ್ರ 585310 ಹಾಕ್ರಿ ಅಣ್ಣಾ, 585101 ಕಲಬುರಗಿ ಹೆಡ್ ಪೋಸ್ಟ್ ಆಫೀಸಿಂದು" ಅಂದೆ. "ಯಾವ್ದಿದ್ರೇನ್ರೀ ಮೇಡಂ, ಊರ ಹೆಸರು ಬರ್ದೀವಲ್ಲ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ನಿಜವಾಗಿಯೂ ಹಾಗೇ ನಂಬಿದ್ದಾರೆ. ನಮ್ಮ ಕಡೆ ಬಹಳ ಜನ ಹಾಗೇ ನಂಬಿದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

1998ರ ಮಾತು. ನನ್ನ ತಂಗಿ ಪಿಯುಸಿ ಮುಗಿಸಿ ಟಿ.ಸಿ.ಎಚ್. ಅನ್ನುವ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದಳು. ಟೀಚರ್ ಆಗಬೇಕು ಅನ್ನೋದು ಅವಳ ಮೂರನೇ ಕ್ಲಾಸಿನ ಆಸೆ. ನಮ್ಮದು ಶಹಾಪುರದ ಹತ್ತಿರದ ಹಳ್ಳಿ, ಪಿನ್ ಕೋಡ್ 585223. ಅರ್ಜಿಯನ್ನು ಅವಳೇ ಕೈಯಾರೆ ಬರೆದಿದ್ದಳು. ಅವಳ 3 ಸ್ವಲ್ಪ ಒಳಗೆ ಸುತ್ತಿಕೊಂಡಿರುತ್ತಿತ್ತು. ಆ ಕಡೆ ಯಾರೋ ಕವರಿನ ಮೇಲೆ ವಿಳಾಸ ಇಳಿಸಿಕೊಳ್ಳುವಾಗ ಅದನ್ನು 8 ಅಂತ ಓದಿದರು. 585228. ಅದು ಶಹಾಬಾದು. ಊರ ಹೆಸರನ್ನೂ ನೆಟ್ಟಗೆ ಬರೆದಿರಲಿಲ್ಲ. 'ಶಹಾ' ಅಂತ ಬರೆದು ಮುಂದೆ ಗೀಚಿದ್ದರು. ಜಿಲ್ಲೆ ನೋಡಿ ತಿಳಿಯೋಣ ಅಂದರೆ ಆಗ ಎರಡೂ ಊರು ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು.

ಶಹಾಬಾದಿಗೆ ರೈಲ್ವೆ ಸ್ಟೇಷನ್ ಇದೆ, ಶಹಾಪುರಕ್ಕೆ ಇಲ್ಲ. ನಮ್ಮ ಟಪಾಲು ಅಲ್ಲಿಂದ ವಾಡಿ ದಾಟಿ, ಯಾದಗಿರಿಗೆ ಬಂದು, ಮತ್ತೆ ರಸ್ತೆ ಹಿಡಿದು ಬರಬೇಕು. ಆ ಪತ್ರ ಶಹಾಬಾದಿನಲ್ಲಿ ಇಳಿದು, ಅಲ್ಲಿ ಆ ಹೆಸರಿನವರನ್ನು ಹುಡುಕಿ, ಸಿಗದೆ, ಕೊನೆಗೆ ಯಾರೋ ಪುಣ್ಯಾತ್ಮರು ಕೆಂಪು ಪೆನ್ಸಿಲಿನಲ್ಲಿ 'ಶಹಾಪುರ' ಅಂತ ಬರೆದು ಕಳಿಸಿದರು. ಸಂದರ್ಶನ ಸೋಮವಾರ ಇತ್ತು. ಪತ್ರ ನಮ್ಮ ಮನೆಗೆ ಬಂದದ್ದು ಗುರುವಾರ. ಅಪ್ಪ ಆದರೂ ಮರುದಿನ ಮೊದಲ ಬಸ್ಸಿಗೆ ಹೋದರು. ಸೀಟು ತುಂಬಿವೆ ಅಂದರಂತೆ. ತಂಗಿ ಒಂದು ವರ್ಷ ಮನೆಯಲ್ಲಿ ಕೂತಳು. ಹತ್ತಿ ಬಿಡಿಸಲು ಹೋಗುತ್ತಿದ್ದಳು.

ಆ ಕವರು ಇವತ್ತಿಗೂ ಅವ್ವನ ಟ್ರಂಕಿನಲ್ಲಿದೆ. ಹಿಂದುಗಡೆ ಮೂರು ಗುಂಡನೆಯ ಮುದ್ರೆ, ಮೂರು ತಾರೀಖು. ಮುಂದೆ ಆ 8. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಂಚೆಯವರದು ಏನೂ ತಪ್ಪಿರಲಿಲ್ಲ. ಅಂಕಿ ಎಲ್ಲಿಗೆ ಹೋಗು ಅಂತೋ ಅಲ್ಲಿಗೆ ಕಳಿಸಿದರು. ಇದು ಹೇಗೆ ನಡೆಯುತ್ತದೆ ಅಂತ ಆಮೇಲೆ ನಾನು ಕುತೂಹಲದಿಂದ ತಿಳಿದುಕೊಂಡೆ. ತಿಳಿದಷ್ಟೂ ಆ ಆರು ಅಂಕಿಯ ಮೇಲೆ ಗೌರವ ಜಾಸ್ತಿಯಾಯಿತು.

ಪಿನ್ ಕೋಡ್ ಬರುವ ಮೊದಲು ಎಲ್ಲ ನಿಂತದ್ದು ವಿಂಗಡಿಸುವವರ ನೆನಪಿನ ಮೇಲೆ. ಟಪಾಲು ರೈಲಿನಲ್ಲಿ ಹೋಗುತ್ತಿತ್ತು. ಅದಕ್ಕೆ ಆರ್.ಎಂ.ಎಸ್. (ರೈಲ್ವೆ ಮೇಲ್ ಸರ್ವಿಸ್) ಅಂತ ಬೇರೆ ವಿಭಾಗವೇ ಇದೆ. ರಾತ್ರಿ ಓಡುವ ರೈಲಿನ ಡಬ್ಬಿಯಲ್ಲಿ ನಿಂತು, ಗೋಡೆಗೆ ಹೊಡೆದ ಮರದ ಗೂಡುಗಳಲ್ಲಿ ಒಂದೊಂದೇ ಪತ್ರ ಹಾಕುತ್ತಿದ್ದರು. ಯಾವ ಹಳ್ಳಿಗೆ ಯಾವ ಪೋಸ್ಟ್ ಆಫೀಸು, ಆ ಚೀಲ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಎಲ್ಲ ಬಾಯಿಪಾಠ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಲೈನು ನಮ್ಮ ಕಲಬುರಗಿ, ಶಹಾಬಾದು, ವಾಡಿ, ಯಾದಗಿರಿ ಮೇಲೇ ಹಾದುಹೋಗುತ್ತದೆ. ಅಲುಗಾಡುವ ಡಬ್ಬಿಯಲ್ಲಿ, ಮಂದ ದೀಪದಲ್ಲಿ, ಗೊತ್ತಿಲ್ಲದ ಊರುಗಳ ಹೆಸರು ಓದುತ್ತಾ ಹೋಗುವುದು ಸುಮ್ನೆ ಮಾತಲ್ಲ.

ಅದರಲ್ಲೂ ನಮ್ಮ ಕಡೆಯ ಹೆಸರುಗಳು! ಬೀದರ ಜಿಲ್ಲೆಯಲ್ಲಿ ಹಳ್ಳಿಖೇಡ (ಬಿ) ಇದೆ, ಹಳ್ಳಿಖೇಡ (ಕೆ) ಇದೆ. ಬಿ ಅಂದರೆ ಬುಜುರ್ಗ್, ದೊಡ್ಡದು. ಕೆ ಅಂದರೆ ಖುರ್ದ್, ಚಿಕ್ಕದು. ಇಂಥ ಬಿ, ಕೆ ಬಾಲದ ಜೋಡಿ ಊರು ನಮ್ಮಲ್ಲಿ ಬೇಕಾದಷ್ಟಿವೆ. ಬರೆಯುವವರು ಆ ಒಂದು ಅಕ್ಷರ ಬಿಟ್ಟರೆ ಮುಗಿಯಿತು. ಮುಧೋಳ ಅಂದರೆ ಎಲ್ಲರಿಗೂ ಬಾಗಲಕೋಟೆ ಜಿಲ್ಲೆಯದು ನೆನಪಾಗುತ್ತದೆ. ಸೇಡಂ ತಾಲ್ಲೂಕಿನಲ್ಲೂ ಒಂದು ಮುಧೋಳ ಇದೆ. ನಮ್ಮ ಶಹಾಪುರದ ಹೆಸರಿನದೇ ಬೆಳಗಾವಿಯಲ್ಲಿ ಒಂದು ಬಡಾವಣೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಒಂದು ಊರು.

ಹೆಸರು ಬೇರೆ ಇದ್ದರೂ ಲಿಪಿಯ ಗೊಂದಲ ಬಿಡುತ್ತಿರಲಿಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಒಂದೇ ಓಣಿಯಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ಉರ್ದುವಿನಲ್ಲಿ, ಒಬ್ಬರು ಮರಾಠಿಯಲ್ಲಿ, ಗುರುಮಠಕಲ್ ಕಡೆ ಹೋದರೆ ತೆಲುಗಿನಲ್ಲಿ ವಿಳಾಸ ಬರೆಯುವವರು. ಈ ಪತ್ರ ಕೋಲ್ಕತ್ತಕ್ಕೋ ಲಖನೌಗೋ ಹೋಗಬೇಕು ಅಂದರೆ ನಡುವೆ ಅದನ್ನು ಓದುವವರು ಯಾರು?

ಈ ಕಷ್ಟ ಇಡೀ ದೇಶದ್ದು. ಅದಕ್ಕೆ ದಾರಿ ಹುಡುಕಿದವರು ಶ್ರೀರಾಮ ಭಿಕಾಜಿ ವೇಲಣಕರ್. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಹೆಚ್ಚುವರಿ ಕಾರ್ಯದರ್ಶಿ ಆಗಿದ್ದವರು, ಸಂಸ್ಕೃತ ಕವಿ ಕೂಡ. ನನಗೆ ಇದು ಬಹಳ ಇಷ್ಟವಾದ ವಿಷಯ. ಪದಗಳ ಜೊತೆಗೇ ಬಾಳಿದ ಮನುಷ್ಯ, ಯಾವ ಭಾಷೆಯವರಿಗೂ ತೊಂದರೆ ಆಗದಂಥ ಅಂಕಿಯ ವಿಳಾಸ ಮಾಡಿಕೊಟ್ಟರು. 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ ದಿನ, ಪಿನ್ ಕೋಡ್ ಜಾರಿಗೆ ಬಂತು.

ಬೇರೆ ದೇಶಗಳಲ್ಲಿ ಇದು ಇನ್ನೂ ಹಳೆಯದು. ರೋಲಂಡ್ ಹಿಲ್ ಅನ್ನುವವರು 1857ರಲ್ಲೇ ಲಂಡನ್ ನಗರವನ್ನು ದಿಕ್ಕಿನ ಪ್ರಕಾರ ಹತ್ತು ಭಾಗ ಮಾಡಿ ಅಕ್ಷರ ಕೊಟ್ಟಿದ್ದರು. ಜರ್ಮನಿ 1941ರಲ್ಲಿ ಅಂಕಿ ತಂದಿತು. ಅಮೆರಿಕದ ಜಿಪ್ ಕೋಡ್ ಬಂದದ್ದು 1963ರಲ್ಲಿ. ಆದರೆ ಅವರಿಗೆ ಇಷ್ಟು ಲಿಪಿಗಳ ಕಾಟ ಇರಲಿಲ್ಲ ಅಲ್ವಾ? ನಮ್ಮ ಪಿನ್ ಕೋಡ್ ಮಾಡಿದ ಕೆಲಸ ದೊಡ್ಡದು ಅಂತ ನಾನು ಅದಕ್ಕೇ ಹೇಳುವುದು.

ಈಗ 585ರ ಕಥೆಗೆ ಬರೋಣ. ಮೊದಲ ಅಂಕಿ 5. ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ದೇಶವನ್ನು ಹೀಗೆ ಎಂಟು ವಲಯ ಮಾಡಿದ್ದಾರೆ, ಒಂಬತ್ತನೆಯದು ಸೈನ್ಯಕ್ಕೆ. ಬೀದರಿನಲ್ಲಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಆ ಕಡೆ ಜಹೀರಾಬಾದಿಗೆ ಹೋದರೆ ತೆಲಂಗಾಣ, ರಾಜ್ಯ ಬದಲಾದರೂ ಅಂಕಿ 5ರಿಂದಲೇ ಶುರು. ಈ ಕಡೆ ಉದಗೀರಿಗೆ ಹೋದರೆ ಮಹಾರಾಷ್ಟ್ರ, 4 ಆಗುತ್ತದೆ. ಎರಡನೇ ಅಂಕಿ ಸೇರಿ 56ರಿಂದ 59ರವರೆಗೆ ಕರ್ನಾಟಕ. ಮೂರನೆಯದೂ ಸೇರಿದರೆ ವಿಂಗಡಣೆಯ ಜಿಲ್ಲೆ. ಧಾರವಾಡ 580, ಬಳ್ಳಾರಿ 583, ರಾಯಚೂರು 584, ನಾವು 585, ವಿಜಯಪುರ 586. ಉಳಿದ ಮೂರು ಅಂಕಿ ಪತ್ರ ಹಂಚುವ ಪೋಸ್ಟ್ ಆಫೀಸಿನವು. ಬೀದರ 585401, ಯಾದಗಿರಿ 585201, ಆಳಂದ 585302, ಬಸವಕಲ್ಯಾಣ 585327.

ದೂರದ ಊರಿನಲ್ಲಿ ವಿಂಗಡಿಸುವವರಿಗೆ ಆಳಂದ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. 585 ಅಂತ ಕಂಡರೆ ಸಾಕು, ಇತ್ತ ಕಡೆಯ ಚೀಲಕ್ಕೆ ಹಾಕುತ್ತಾರೆ. ಇಲ್ಲಿಗೆ ಬಂದ ಮೇಲೆ 302 ನೋಡುತ್ತಾರೆ. ಕೊನೆಗೆ ಆಳಂದದ ಪೋಸ್ಟ್‌ಮ್ಯಾನ್ ಊರು, ಓಣಿ, ಮನೆ ನೋಡುತ್ತಾರೆ. ಎಷ್ಟು ಚೆಂದದ ಕೆಲಸ ನೋಡಿ. ಒಬ್ಬೊಬ್ಬರೂ ತಮಗೆ ಬೇಕಾದಷ್ಟನ್ನೇ ಓದಿ ಮುಂದೆ ಸಾಗಿಸುತ್ತಾರೆ. ದೊಡ್ಡ ನಗರಗಳಲ್ಲಿ ಈಗ ಈ ಅಂಕಿಯನ್ನು ಮಷೀನು ಓದಿ ಬೇರೆ ಮಾಡುತ್ತದೆ.

ಇನ್ನೊಂದು ವಿಷಯ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆ ಆಯಿತು. 2014ರಲ್ಲಿ ಗುಲ್ಬರ್ಗಾ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ಬೋರ್ಡು ಬದಲಾದವು, ಸೀಲು ಬದಲಾದವು. 585 ಹಾಗೇ ಉಳಿಯಿತು. ಯಾದಗಿರಿ ಜಿಲ್ಲೆಯಾದಾಗ ಅವ್ವ ಮೊದಲು ಕೇಳಿದ ಪ್ರಶ್ನೆಯೇ ಅದು. "ನಂಬರ ಬದ್ಲಾಗಂಗಿಲ್ಲ ಹೌದಿಲ್ಲೋ?" ಇಲ್ಲ ಅವ್ವಾ ಅಂದ ಮೇಲೇ ಸಮಾಧಾನ.

ಹಾಗಾದರೆ ಹಳ್ಳಿಯವರು ಏನು ಬರೆಯಬೇಕು? ಇಲ್ಲೇ ಬಹಳ ಜನ ಎಡವುವುದು. ಪ್ರತಿ ಹಳ್ಳಿಗೂ ಒಂದು ಪಿನ್ ಕೋಡ್ ಇರುವುದಿಲ್ಲ. ದೇಶದಲ್ಲಿ 1.5 ಲಕ್ಷಕ್ಕೂ ಹೆಚ್ಚು ಪೋಸ್ಟ್ ಆಫೀಸುಗಳಿವೆ, ಪಿನ್ ಕೋಡ್ ಇರುವುದು ಸುಮಾರು 19 ಸಾವಿರ. ಹಳ್ಳಿಯ ಬ್ರಾಂಚ್ ಆಫೀಸು ಯಾವ ಸಬ್ ಆಫೀಸಿನ ಕೈಕೆಳಗೆ ಇದೆಯೋ ಅದರ ನಂಬರೇ ಆ ಹಳ್ಳಿಗೂ. ಹತ್ತಾರು ಹಳ್ಳಿಗೆ ಒಂದೇ ನಂಬರು. ಆದ್ದರಿಂದ ನಮ್ಮ ಹಿರಿಯರು ಬರೆಯುತ್ತಿದ್ದ "ಮು|| ಪೋ|| ತಾ|| ಜಿ||" (ಮುಕ್ಕಾಂ, ಪೋಸ್ಟ್, ತಾಲ್ಲೂಕು, ಜಿಲ್ಲೆ) ಬಿಡಬೇಡಿ. ಅದು ಹಳೇ ಪದ್ಧತಿ ಅಂತ ಈಗಿನ ಹುಡುಗರು ಬಿಡುತ್ತಾರೆ. ಪಿನ್ ಕೋಡ್ ಪೋಸ್ಟ್ ಆಫೀಸಿನ ಬಾಗಿಲಿಗೆ ತಲುಪಿಸುತ್ತದೆ, ಅಲ್ಲಿಂದ ಮನೆಗೆ ತಲುಪಿಸುವುದು ಆ ಸಾಲು. "ಹನುಮಾನ ಗುಡಿ ಹತ್ತಿರ" ಅಂತ ಮಾತ್ರ ಬರೆದರೆ ಹೇಗೆ? ನಮ್ಮಲ್ಲಿ ಹನುಮಾನ ಗುಡಿ ಇಲ್ಲದ ಓಣಿ ಎಲ್ಲಿದೆ ಹೇಳಿ.

ಒಂದು ಮಾತಿಗೆ ಕೆಲವರಿಗೆ ಬೇಸರ ಆಗಬಹುದು. ಕನ್ನಡ ಅಂಕಿ ನನಗೂ ಪ್ರೀತಿ. ಮಗ್ಗಿ ಕಲಿತದ್ದೇ ಅದರಲ್ಲಿ. ಆದರೆ ಪಿನ್ ಕೋಡನ್ನು ಮಾತ್ರ ಎಲ್ಲರೂ ಬಳಸುವ ಅಂಕಿಯಲ್ಲೇ ಬರೆಯಿರಿ. ನಾಗಪುರದಲ್ಲಿ ಅದನ್ನು ಓದುವವರಿಗೆ ಕನ್ನಡ ಬರುವುದಿಲ್ಲ.

"ಈಗ ಯಾರು ಪತ್ರ ಬರೀತಾರೆ" ಅನ್ನುವವರಿಗೆ ನನ್ನ ಉತ್ತರ ಇದು. ನಿಮ್ಮ ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಎಟಿಎಂ ಕಾರ್ಡು ಹೇಗೆ ಮನೆಗೆ ಬಂದವು? ರಿಜಿಸ್ಟರ್ ಟಪಾಲನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ. ಕೋರ್ಟಿನ ನೋಟಿಸು, ಕೆಲಸದ ಆದೇಶ ಇವತ್ತಿಗೂ ಅದರಲ್ಲೇ ಬರುತ್ತವೆ. ಆನ್‌ಲೈನ್‌ನಲ್ಲಿ ಏನಾದರೂ ತರಿಸಬೇಕಾದರೂ ಮೊದಲು ಕೇಳುವುದು ಪಿನ್ ಕೋಡ್. ಕೆಲವು ಆ್ಯಪ್‌ಗಳು ಹಳ್ಳಿಯ ನಂಬರು ಹಾಕಿದರೆ ಅಲ್ಲಿಗೆ ಬರುವುದಿಲ್ಲ ಅನ್ನುತ್ತವೆ. ಅದಕ್ಕೇ ನಮ್ಮ ಹುಡುಗರು 585101 ಹಾಕಿ ಕಲಬುರಗಿಯ ಗೆಳೆಯರ ರೂಮಿಗೆ ತರಿಸಿಕೊಳ್ಳುತ್ತಾರೆ. ಅದು ಅವರ ಅನಿವಾರ್ಯ. ಆಮೇಲೆ ಅದೇ ನಂಬರು ಬ್ಯಾಂಕಿನಲ್ಲೂ ಅರ್ಜಿಯಲ್ಲೂ ಕೂತುಬಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ಹೊಸದು ತಂದಿದೆ. ಹೈದರಾಬಾದಿನ ಐಐಟಿ, ಇಸ್ರೋದ ದೂರಸಂವೇದಿ ಕೇಂದ್ರ ಸೇರಿ ಮಾಡಿದ್ದು. ದೇಶವನ್ನೆಲ್ಲ ಹೆಚ್ಚುಕಡಿಮೆ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕ ಮಾಡಿ, ಪ್ರತಿಯೊಂದಕ್ಕೂ ಹತ್ತು ಅಕ್ಷರ, ಅಂಕಿಯ ಗುರುತು. ಆಂಬುಲೆನ್ಸಿಗೆ ಹೊಲದ ಮನೆ ತೋರಿಸಲು ಇದು ಬಹಳ ಉಪಯೋಗ, ನನಗೆ ಸಂತೋಷವೇ. ಆದರೆ ಅದನ್ನು ಅವ್ವ ಬಾಯಿಪಾಠ ಮಾಡಲಾರಳು. 585223 ಅವಳಿಗೆ ನಿದ್ದೆಯಲ್ಲೂ ಬರುತ್ತದೆ. ಇಷ್ಟಕ್ಕೂ ಪಿನ್ ಕೋಡನ್ನು ಯಾರೂ ತೆಗೆದಿಲ್ಲ.

ತಂಗಿಗೆ ಮರುವರ್ಷ ಸೀಟು ಸಿಕ್ಕಿತು. ಈಗ ಸುರಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಟೀಚರ್. 3 ಬರೆಯುವಾಗ ಮೇಲೆ ಅಡ್ಡಗೆರೆ ಎಳೆದು, ತಲೆ ಚಪ್ಪಟೆ ಮಾಡಿಯೇ ಬರೆಯುತ್ತಾಳೆ. ಯಾರು ನೋಡಿದರೂ 8 ಅನ್ನಬಾರದು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಐವತ್ತು ಪೈಸೆಯ ಪೋಸ್ಟ್ ಕಾರ್ಡು ತಂದುಕೊಟ್ಟು, ತಮ್ಮ ಮನೆಗೆ ತಾವೇ ಪತ್ರ ಬರೆಯಲು ಹೇಳುತ್ತಾಳೆ. ಕಾರ್ಡಿನ ಮೇಲೆ ಆರು ಚೌಕ ಅಚ್ಚಾಗಿರುತ್ತವಲ್ಲ, ಒಂದು ಚೌಕಕ್ಕೆ ಒಂದೇ ಅಂಕಿ. ತಾನೇ ಒಂದೊಂದನ್ನೂ ನೋಡಿ ಡಬ್ಬಿಗೆ ಹಾಕಿಸುತ್ತಾಳೆ.

ಹೋದ ವರ್ಷ ಒಬ್ಬ ಹುಡುಗಿ ನಾಲ್ಕು ದಿನ ಬಿಟ್ಟು ಓಡುತ್ತಾ ಬಂದಳಂತೆ. "ಟೀಚರ್, ಬಂತ್ರೀ! ಪೋಸ್ಟ್‌ಮ್ಯಾನ್ ಕಾಕಾ ನನ್ ಹೆಸರು ಕೂಗಿದ್ರು!" ಅವರ ಮನೆಗೆ ಆ ಹುಡುಗಿಯ ಹೆಸರಿನಲ್ಲಿ ಬಂದ ಮೊದಲ ಪತ್ರ ಅದು. ಅವಳ ಅಜ್ಜಿ ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಾರಂತೆ.