ಹೊಳಪು ಬಂತು ಅಂದ್ರೆ ಗೀರು ಹೋಯ್ತು ಅಂತಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಕಪ್ಪು ಕಾರಿನ ಬಾನೆಟ್ ಮೇಲೆ ಅಡಿಕೆ ಸೋಗೆ ಬಿತ್ತು, ಹಾಳೆ ಸಮೇತ. ತೋಟದ ಬದಿ ಗಾಡಿ ನಿಲ್ಲಿಸಬೇಡ ಅಂತ ಅಪ್ಪ ಹತ್ತು ಸಲ ಹೇಳಿದ್ದರು, ಅದಿರಲಿ. ಶಿವಮೊಗ್ಗದ ಒಂದು ಗ್ಯಾರೇಜಲ್ಲಿ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದೆ. ಗಾಡಿ ಕೈಗೆ ಬಂದ ದಿನ ಬಾನೆಟ್ ನೋಡಿಕೊಂಡೇ ತಲೆ ಬಾಚಬಹುದಿತ್ತು. ನಾಲ್ಕು ಸಲ ತೊಳೆದಿದ್ದೆ ಅಷ್ಟೆ. ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಗಾಜನೂರಲ್ಲಿ ಬಿಸಿಲಿಗೆ ನಿಲ್ಲಿಸಿ ನೋಡ್ತೀನಿ, ಬಾನೆಟ್ ತುಂಬಾ ಗೀರು. ತೆಂಗಿನ ನಾರು ಹಾಕಿ ಪಾತ್ರೆ ತಿಕ್ಕಿದ ಹಾಗೆ.

ಹೋಗಿ ಕೇಳಿದ್ರೆ, "ತೊಳೆಯೋಕೆ ಎಂತ ಬಟ್ಟೆ ಹಾಕ್ತೀರಿ ಸಾರ್?" ಅಂದ್ರು. ಗೂಬೆ ನನ್ನ ಬಟ್ಟೆ ಮೇಲೆ ಕೂತಿತು.

ಮಾರಾಯ್ರೆ, ಬಟ್ಟೆಯಿಂದ ಬೀಳೋ ಗೀರು ಬಿಸಿಲಲ್ಲಿ ಜೇಡರ ಬಲೆ ಥರ ಸುತ್ತಸುತ್ತ ಕಾಣುತ್ತೆ. ನನ್ನ ಬಾನೆಟ್ ಮೇಲಿದ್ದದ್ದು ನೇರ, ಒಂದೇ ದಿಕ್ಕಿಗೆ, ಸಾಲುಸಾಲು. ಅದು ವಾಟರ್ ಪೇಪರಿಂದು, ಅಂದ್ರೆ ನೀರು ಹಾಕಿ ಉಜ್ಜೋ ಉಪ್ಪುಕಾಗದದ್ದು. ಹೊಡೆದ ಬಣ್ಣ ಕಿತ್ತಳೆ ಸಿಪ್ಪೆ ಥರ ಉಬ್ಬುತಗ್ಗಾಗಿ ಒಣಗುತ್ತೆ, ಧೂಳೂ ಕೂತಿರುತ್ತೆ. ಅದಕ್ಕೆ 1500, 2000 ನಂಬರ್ ಪೇಪರಲ್ಲಿ (ನಂಬರ್ ಏರಿದಷ್ಟೂ ಪೇಪರ್ ನುಣುಪು) ನೀರು ಹಾಕಿ ಉಜ್ಜಿ ಮಟ್ಟ ಮಾಡ್ತಾರೆ. ಅದು ತಪ್ಪಲ್ಲ, ಮಾಡಲೇಬೇಕು. ಆಮೇಲೆ ಅವಸರ ಮಾಡ್ತಾರಲ್ಲ, ಅದು ತಪ್ಪು. 1500ರಿಂದ ಸೀದಾ ಉಣ್ಣೆ ಪ್ಯಾಡ್ ಹಾಕಿದ ರೋಟರಿ ಪಾಲಿಶ್ ಮೆಷಿನ್‌ಗೆ ಹಾರಿದ್ರೆ ಆಳದ ಗೀರು ಅಲ್ಲೇ ಉಳಿಯುತ್ತೆ. ಮೆಷಿನ್ ಹಾಕುವಾಗ ಹಚ್ಚೋ ಉಜ್ಜು ಪೇಸ್ಟು, ಅಂದ್ರೆ ಕಾಂಪೌಂಡು, ಅದರ ಎಣ್ಣೆ ಗೀರೊಳಗೆ ತುಂಬಿಕೊಂಡು ಮುಚ್ಚಿಡುತ್ತೆ, ನಾಲ್ಕು ಸಲ ಶಾಂಪೂ ಬಿದ್ರೆ ಬಂಡವಾಳ ಬಯಲು.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ಜುಲೈ ತಿಂಗಳ ಥಂಡಿಯಲ್ಲಿ, ಹೀಟರ್ ಇಲ್ಲದ ಶೆಡ್ಡಲ್ಲಿ ಹೊಡೆದ ಲ್ಯಾಕರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮುಟ್ಟಿದ್ರೆ ಒಣಗಿದ ಹಾಗೇ ಇರುತ್ತೆ, ಒಳಗೆ ಇನ್ನೂ ಹಸಿ. ಆಗಲೇ ಉಜ್ಜಿ ಪಾಲಿಶ್ ಮಾಡಿದ್ರೆ, ವಾರಗಟ್ಟಲೆ ಥಿನ್ನರ್ ಆರ್ತಾ ಆರ್ತಾ ಪದರ ಕುಗ್ಗಿ, ಹೋಗಿದ್ದ ಗೀರೂ ಮತ್ತೆ ಮೇಲೆ ಬರುತ್ತೆ. ಬಡಪಾಯಿ ಪೇಂಟರನ್ನು ಪೂರ್ತಿ ಬೈಯೋದೂ ಸರಿಯಲ್ಲ. "ನಾಳೆಗೆ ಗಾಡಿ ಬೇಕು" ಅಂತ ಕುತ್ತಿಗೆ ಮೇಲೆ ಕೂತವನು ನಾನೇ.

ಕೊನೆಗೆ ಸಣ್ಣ ಡಿಎ, ಅಂದ್ರೆ ಡ್ಯುಯಲ್ ಆಕ್ಷನ್ ಪಾಲಿಶ್ ಮೆಷಿನ್ ತಂದೆ. ರೋಟರಿ ಒಂದೇ ಅಚ್ಚಿನಲ್ಲಿ ತಿರುಗುತ್ತೆ, ಬೇಗ ಕತ್ತರಿಸುತ್ತೆ, ಬೇಗ ಬಿಸಿಯೂ ಆಗುತ್ತೆ. ಡಿಎ ತಿರುಗ್ತಾನೇ ಆಚೀಚೆ ಓಲಾಡುತ್ತೆ. ನಿಧಾನ, ಆದ್ರೆ ನನ್ನಂಥ ಕಲಿಯೋರಿಗೆ ಅದೇ ವಾಸಿ. ಎರಡು ಭಾನುವಾರ ಮೆಷಿನ್ ಮುಟ್ಟಲೇ ಇಲ್ಲ. 2000, ಆಮೇಲೆ 3000 ಪೇಪರ್, ಪ್ರತಿ ಸಲ ಹಿಂದಿನದಕ್ಕೆ ಅಡ್ಡ ದಿಕ್ಕಿಗೆ, ಹಳೇ ಸಾಲು ಪೂರ್ತಿ ಅಳಿಸೋವರೆಗೂ. ಆಮೇಲೆ ಮೈಕ್ರೋಫೈಬರ್ ಪ್ಯಾಡಿಗೆ ಕಾಂಪೌಂಡ್, ಕೊನೆಗೆ ಮೆತ್ತನೆ ಫೋಮಿಗೆ ಪಾಲಿಶ್. ಒಂದೊಂದು ಗೇಣು ಜಾಗ ಆದ ಕೂಡಲೇ ಐಪಿಎಗೆ (ಐಸೊಪ್ರೊಪೈಲ್ ಆಲ್ಕೊಹಾಲ್) ನೀರು ಬೆರೆಸಿ ಒರೆಸೋದು, ಎಣ್ಣೆ ಹೋದ ಮೇಲೆ ಟಾರ್ಚ್ ಬಿಟ್ಟು ನೋಡೋದು. ಮೂರು ಸಲ ಮೋಸ ಹೋದೆ, ನಾಲ್ಕನೇ ಸಲ ಗೀರು ನಿಜವಾಗ್ಲೂ ಹೋಗಿತ್ತು.

ಕೈ ಸುಟ್ಟುಕೊಂಡಿದ್ದೂ ಹೇಳಬೇಕು. ಈ ಲ್ಯಾಕರ್ ಪದರ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಅಂಚಲ್ಲಿ, ಮಡಿಕೆಯಲ್ಲಿ ಇನ್ನೂ ಕಮ್ಮಿ. ಬಾನೆಟ್‌ನ ಎಡ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚೋಕೆ ಸೋಮಾರಿತನ ಮಾಡಿದೆ. ಪ್ಯಾಡಿಗೆ ಕಪ್ಪು ಬಣ್ಣ ಹತ್ತಿದಾಗಲೇ ಗೊತ್ತಾಯ್ತು, ಲ್ಯಾಕರ್ ಮುಗಿದು ಬಣ್ಣಕ್ಕೇ ಇಳಿದಿದ್ದೇನೆ ಅಂತ. ಹೆಬ್ಬೆರಳು ಉಗುರಿನಷ್ಟು ಜಾಗ ಮಂಕಾಗಿ ಕೂತಿದೆ. ಅದಕ್ಕೇ ಆ ಬದಿ ಉಳಿದ ಎರಡು ಆಳದ ಗೀರಿನ ತಂಟೆಗೆ ಹೋಗಲಿಲ್ಲ. ಬಿಸಿಲು ತಡೆಯೋ ಪದರ ತೆಗೆದು ಹೊಳಪು ತಗೊಂಡು ನಾನು ಮಾಡೋದಾದ್ರೂ ಏನು?

ಹಿಂದಿನ ಬಾಗಿಲಿಗೂ ಬಣ್ಣ ಹೊಡೆಸೋದಿದೆ. ಗ್ಯಾರೇಜಿನೋರು ಈಗಲೇ ತನ್ನಿ ಅಂತಿದ್ದಾರೆ. ಶಿವರಾತ್ರಿ ಕಳೀಲಿ ಅಂದಿದ್ದೀನಿ.